ಮೀನಿಗೇ ಒಂದು ಕೋಣೆ

ಹಾಲ್‌ನ ಮೂಲೆಯಲ್ಲಿ ಒಂದು ಗಾಜಿನ ಟ್ಯಾಂಕ್ ಇಟ್ಟು ಗಪ್ಪಿ ಸಾಕಿದವರಿಗೆ ಎರಡನೆಯ ಟ್ಯಾಂಕ್ ಬೇಕೆನಿಸಲು ಹೆಚ್ಚು ದಿನ ಹಿಡಿಯುವುದಿಲ್ಲ. ಗಪ್ಪಿ ಮರಿ ಹಾಕುತ್ತದೆ, ಹಾಕಿದ ಮರಿಗಳನ್ನು ತಾನೇ ತಿನ್ನತೊಡಗುತ್ತದೆ. ಅವನ್ನು ಉಳಿಸಿಕೊಳ್ಳಲು ಬೇರೆ ಟ್ಯಾಂಕ್ ಬೇಕು. ಏಂಜಲ್ ಜೋಡಿ ಮೊಟ್ಟೆ ಇಟ್ಟರೆ ಮತ್ತೊಂದು, ಅಂಗಡಿಯಿಂದ ತಂದ ಹೊಸ ಮೀನಿಗೆ ರೋಗವಿದೆಯೇ ಎಂದು ಕೆಲವು ವಾರ ಪ್ರತ್ಯೇಕವಾಗಿಟ್ಟು ನೋಡಲು ಇನ್ನೊಂದು. ಹೀಗೆ ಸಂಖ್ಯೆ ಬೆಳೆದು ಓಡಾಡಲು ಜಾಗವಿಲ್ಲದಂತಾದಾಗ ಮೀನಿಗೇ ಒಂದು ಕೋಣೆ ಬಿಟ್ಟುಕೊಡುವ ಮಾತು ಮನೆಯಲ್ಲಿ ಬರುತ್ತದೆ.

ಬೆಂಗಳೂರಿನ ಮಲ್ಲೇಶ್ವರಂನಂಥ ಹಳೆಯ ಬಡಾವಣೆಯಲ್ಲಿ ಮೊದಲು ನೋಡಬೇಕಾದ್ದು ಭಾರ. ಮೂರು ಅಡಿ ಉದ್ದ, ಒಂದೂವರೆ ಅಡಿ ಅಗಲ, ಅಷ್ಟೇ ಎತ್ತರದ ಟ್ಯಾಂಕ್ ಸುಮಾರು 190 ಲೀಟರ್ ನೀರು ಹಿಡಿಯುತ್ತದೆ. ಗಾಜು, ಮರಳು, ಕಬ್ಬಿಣದ ಸ್ಟ್ಯಾಂಡ್ ಸೇರಿದರೆ ಒಂದೊಂದೂ 250 ಕಿಲೋ ಆಸುಪಾಸು. ಹತ್ತಾದರೆ ಎರಡೂವರೆ ಟನ್. ವಾಸದ ಮನೆಯ ನೆಲಕ್ಕೆ ಎಂಜಿನಿಯರುಗಳು ಹಿಡಿಯುವ ಲೆಕ್ಕ ಚದರ ಮೀಟರಿಗೆ ಸುಮಾರು 200 ಕಿಲೋ. ಒಂದರ ಮೇಲೊಂದು ಟ್ಯಾಂಕ್ ಕೂರಿಸಿದ ಸ್ಟ್ಯಾಂಡಿನ ಅಡಿಯಲ್ಲಿ ಬೀಳುವುದು ಅದರ ಐದಾರು ಪಟ್ಟು. 1898ರ ಪ್ಲೇಗಿನ ನಂತರ ಬೆಳೆದ ಈ ಬಡಾವಣೆಯ ಅಳಿದುಳಿದ ಹಳೆಯ ಮನೆಗಳಲ್ಲಿ ಮರದ ತೊಲೆಗಳ ಮೇಲೆ ಇಟ್ಟಿಗೆ, ಗಾರೆ ಹಾಕಿದ ಮದ್ರಾಸ್ ತಾರಸಿಗಳಿವೆ. ಅಂಥ ತಾರಸಿಯ ಮೇಲಿನ ಕೋಣೆಯನ್ನು ಮರೆತುಬಿಡುವುದೇ ಕ್ಷೇಮ. ನೆಲಮಹಡಿಯ, ಬಚ್ಚಲಿಗೆ ಹತ್ತಿರವಾದ, ನೇರ ಬಿಸಿಲು ಬೀಳದ ಕೋಣೆ ಸಿಕ್ಕರೆ ಅರ್ಧ ಕೆಲಸ ಆದಂತೆ. ಮೇಲಂತಸ್ತೇ ಗತಿಯೆಂದರೆ ಎಂಜಿನಿಯರ್ ಒಬ್ಬರಿಗೆ ತೋರಿಸದೆ ಮುಂದುವರಿಯಬಾರದು.

ಇನ್ನು ನೀರು. ನಲ್ಲಿಯಲ್ಲಿ ಬರುವ ಕಾವೇರಿ, ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ದೂರ, 500 ಮೀಟರಿನಷ್ಟು ಎತ್ತರ ಏರಿ ಬೆಂಗಳೂರು ಮುಟ್ಟುತ್ತದೆ. ಅದರಲ್ಲಿರುವ ಕ್ಲೋರಿನ್ ನಮಗೆ ರಕ್ಷಣೆ, ಮೀನಿನ ಕಿವಿರಿಗೆ ವಿಷ. ಡ್ರಮ್ಮಿನಲ್ಲಿ ತುಂಬಿ ಗಾಳಿಯಾಡಿಸುತ್ತ ಒಂದು ದಿನ ಬಿಡಬೇಕು, ಇಲ್ಲವೇ ಅಂಗಡಿಗಳಲ್ಲಿ ಸಿಗುವ ಹೈಪೋ ಹರಳನ್ನು ಅಳತೆ ಮೀರದಂತೆ ಹಾಕಬೇಕು. ಬೋರ್‌ವೆಲ್ ನೀರಿನಲ್ಲಿ ಕ್ಲೋರಿನ್ ಕಾಟವಿಲ್ಲ, ಆದರೆ ಅದು ಹೆಚ್ಚಾಗಿ ಗಡಸು; ಗಪ್ಪಿ, ಮೋಲಿಗಳಿಗೆ ಒಗ್ಗುತ್ತದೆ, ಮೆದು ನೀರಿನ ಟೆಟ್ರಾಗಳಿಗೆ ಒಗ್ಗುವುದಿಲ್ಲ. ಅವಕ್ಕೆ ತಾರಸಿಯ ಮಳೆನೀರನ್ನು ಸೋಸಿ ಬೆರೆಸಬಹುದು.

ಹೊಸಬರ ಮೀನು ಸಾಯುವುದು ಹೆಚ್ಚಾಗಿ ಕಣ್ಣಿಗೆ ಕಾಣದ ಕಾರಣಕ್ಕೆ. ಮೀನಿನ ವಿಸರ್ಜನೆಯಿಂದ, ತಿನ್ನದೆ ಉಳಿದ ಆಹಾರದಿಂದ ಅಮೋನಿಯಾ ಹುಟ್ಟುತ್ತದೆ. ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಅದೂ ವಿಷವೇ. ಇನ್ನೊಂದು ಬಗೆ ಅದನ್ನು ಅಷ್ಟು ಅಪಾಯವಿಲ್ಲದ ನೈಟ್ರೇಟ್ ಆಗಿಸುತ್ತದೆ. ಈ ಬ್ಯಾಕ್ಟೀರಿಯಾಗಳು ಫಿಲ್ಟರಿನಲ್ಲಿ ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ಟ್ಯಾಂಕ್ ಜೋಡಿಸಿದ ದಿನವೇ ಮೀನು ತುಂಬುವ ಆತುರ ತಡೆದುಕೊಂಡವರು ಗೆದ್ದರು. ಸ್ಪಂಜ್ ಫಿಲ್ಟರ್ ತೊಳೆಯುವುದರಲ್ಲೂ ಒಂದು ಕ್ರಮವಿದೆ: ಟ್ಯಾಂಕಿನಿಂದ ತೆಗೆದ ಹಳೆಯ ನೀರನ್ನೇ ಬಕೆಟ್ಟಿಗೆ ಹಾಕಿ, ಸ್ಪಂಜನ್ನು ಅದರಲ್ಲಿ ಮೆಲ್ಲಗೆ ಎರಡು ಮೂರು ಸಲ ಹಿಂಡಿ, ಕಂದು ಗಸಿ ಬಿಟ್ಟ ಮೇಲೆ ವಾಪಸ್ ಹಾಕುವುದು. ನಲ್ಲಿಯ ಕೆಳಗೆ ಹಿಡಿದು ಬೆಳ್ಳಗಾಗುವಂತೆ ಉಜ್ಜಿದರೆ ತಿಂಗಳಿಂದ ಬೆಳೆದ ಬ್ಯಾಕ್ಟೀರಿಯಾ ಕ್ಲೋರಿನ್‌ಗೆ ಬಲಿ.

ಹತ್ತು ಟ್ಯಾಂಕಿಗೆ ಹತ್ತು ಮೋಟಾರು ಬೇಡ. ಗೋಡೆಗುಂಟ ಪಿವಿಸಿ ಪೈಪ್ ಸುತ್ತಿಸಿ, ಟ್ಯಾಂಕಿಗೊಂದು ಪುಟ್ಟ ವಾಲ್ವ್ ಕೊಟ್ಟು, ಒಂದೇ ಏರ್ ಪಂಪಿನಿಂದ ಎಲ್ಲಕ್ಕೂ ಗಾಳಿ ಒದಗಿಸಬಹುದು. ಪಂಪ್ ನೀರಿನ ಮಟ್ಟಕ್ಕಿಂತ ಮೇಲಿರಬೇಕು, ಇಲ್ಲದಿದ್ದರೆ ಕರೆಂಟ್ ಹೋದಾಗ ನೀರು ಅದರೊಳಕ್ಕೇ ಇಳಿದೀತು. ಪಂಪಿಗೆ ಯುಪಿಎಸ್ ಸಂಪರ್ಕವೂ ಅಗತ್ಯ. ಸಮುದ್ರ ಮಟ್ಟದಿಂದ ಸುಮಾರು 920 ಮೀಟರ್ ಎತ್ತರದ ಬೆಂಗಳೂರಿನ ನೀರಿನಲ್ಲಿ ಕರಗುವ ಆಮ್ಲಜನಕ, ಅಷ್ಟೇ ಬೆಚ್ಚಗಿರುವ ಮಂಗಳೂರಿನ ನೀರಿನದಕ್ಕಿಂತ ಶೇ. 10ರಷ್ಟು ಕಡಿಮೆ, ಗಾಳಿ ನಿಂತರೆ ಇಕ್ಕಟ್ಟಾದ ಟ್ಯಾಂಕಿನ ಮೀನುಗಳು ಬೇಗ ಒದ್ದಾಡುತ್ತವೆ. ನೀರೂ ಕರೆಂಟೂ ಒಟ್ಟಿಗಿರುವ ಈ ಕೋಣೆಗೆ ಶಾಕ್ ತಡೆಯುವ ಬ್ರೇಕರ್ ಕಡ್ಡಾಯ, ಗೋಡೆಗೆ ಬೂಷ್ಟು ಹಿಡಿಯದಿರಲು ಎಕ್ಸಾಸ್ಟ್ ಫ್ಯಾನೂ ಬೇಕು.

ಡಿಸೆಂಬರ್, ಜನವರಿಯ ರಾತ್ರಿ ಇಲ್ಲಿ 15-16 ಡಿಗ್ರಿಗೆ ಇಳಿಯುತ್ತದೆ. ಬೆಚ್ಚನೆಯ ನೀರು ಬೇಡುವ ಡಿಸ್ಕಸ್ ಮೀನು ಸಾಕುವವರ ಹೀಟರಿಗೆ ಆಗ ಬಿಡುವೇ ಇಲ್ಲ. ಹೀಗಿರುವಾಗ ನಮ್ಮ ಹೊಳೆಗಳ ಮೀನನ್ನೇ ಏಕೆ ಆರಿಸಬಾರದು? ಬೆಂಗಳೂರಿನ ಜೀವವಿಜ್ಞಾನ ಸಂಸ್ಥೆ ಎನ್‌ಸಿಬಿಎಸ್ ಸಂಶೋಧನೆಗಾಗಿ ಸಾಕುವ ಜೀಬ್ರಾ ಮೀನು ಭಾರತದ ತೊರೆಗಳದ್ದು, ಮನೆಯ ಟ್ಯಾಂಕಿನಲ್ಲೂ ಗಟ್ಟಿಮುಟ್ಟು. ‘ಮಿಸ್ ಕೇರಳ’ ಎಂದು ಹೆಸರಾದ, ಮೈಗುಂಟ ಕೆಂಪು ಕಪ್ಪು ಗೆರೆಯ ಮೀನು ಪಶ್ಚಿಮ ಘಟ್ಟದ್ದು. ಕೊಡಗಿನಲ್ಲಿ ಹುಟ್ಟಿ ಕಾಸರಗೋಡಿಗೆ ಹರಿಯುವ ಚಂದ್ರಗಿರಿ ಹೊಳೆಯಲ್ಲೂ ಇದೆ. ತಂಪಾದ, ಹರಿಯುವ ನೀರು ಅದಕ್ಕೆ ಇಷ್ಟ. ಅಂಗಡಿಗಳಿಗೆಂದು ಹೊಳೆಯಿಂದ ಹಿಡಿದು ಹಿಡಿದೇ ಅದು ಅಳಿವಿನಂಚಿಗೆ ಬಂದಿರುವುದರಿಂದ, ಸಾಕಣೆಯಲ್ಲೇ ಹುಟ್ಟಿದ್ದೇ ಎಂದು ಕೇಳಿ ಖಚಿತಪಡಿಸಿಕೊಳ್ಳದೆ ಕೊಳ್ಳಬಾರದು.

ವಾರಕ್ಕೆ ಕಾಲು ಭಾಗದಂತೆ ನೀರು ಬದಲಿಸಿದರೆ ಹತ್ತು ಟ್ಯಾಂಕಿನಿಂದ 400 ಲೀಟರಿಗೂ ಹೆಚ್ಚು ಹೊರಬರುತ್ತದೆ. 2024ರ ಮಾರ್ಚ್‌ನಲ್ಲಿ ಕಾರು ತೊಳೆಯಲು, ಕೈತೋಟಕ್ಕೆ ಕುಡಿಯುವ ನೀರು ಬಳಸಿದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಸಾರಿದ ಊರು ಇದು. ಟ್ಯಾಂಕಿನಿಂದ ತೆಗೆದ, ನೈಟ್ರೇಟ್ ತುಂಬಿದ ನೀರು ಗಿಡಗಳಿಗೆ ಒಳ್ಳೆಯ ಗೊಬ್ಬರ. ಮೋರಿಗೆ ಹೋಗುವ ಬದಲು ಹಿತ್ತಲಿನ ತೆಂಗು, ಕರಿಬೇವಿಗೆ ಹೋಗುವಂತೆ ಪೈಪ್ ಎಳೆಯುವುದು ಮೊದಲ ದಿನದ ಯೋಜನೆಯಲ್ಲೇ ಇರಬೇಕು.

ಹವ್ಯಾಸವನ್ನು ಕಸುಬು ಮಾಡಿಕೊಳ್ಳುವವರಿಗೆ 2020ರಲ್ಲಿ ಆರಂಭವಾದ ಪ್ರಧಾನ ಮಂತ್ರಿ ಮತ್ಸ್ಯ ಸಂಪದ ಯೋಜನೆ ಹಿತ್ತಲಿನ ಅಲಂಕಾರಿಕ ಮೀನು ಘಟಕಕ್ಕೆ 3 ಲಕ್ಷ ರೂಪಾಯಿ ವೆಚ್ಚ ನಿಗದಿ ಮಾಡಿ, ಸಾಮಾನ್ಯ ವರ್ಗಕ್ಕೆ ಶೇ. 40, ಮಹಿಳೆಯರಿಗೆ ಮತ್ತು ಪರಿಶಿಷ್ಟ ಜಾತಿ, ಪಂಗಡದವರಿಗೆ ಶೇ. 60 ಸಹಾಯಧನ ಇಟ್ಟಿತು. ಈಗಿನ ಸ್ಥಿತಿಯನ್ನು ಮೀನುಗಾರಿಕೆ ಇಲಾಖೆಯಲ್ಲಿ ವಿಚಾರಿಸಬೇಕು.

ಮರಿಗಳು ಮಿತಿಮೀರಿದಾಗ ಹತ್ತಿರದ ಸ್ಯಾಂಕಿ ಕೆರೆ ನೆನಪಾಗುವುದು ಸಹಜ. ಅಲ್ಲಿಗೆ ಖಂಡಿತ ಬಿಡಬಾರದು. 1990ರ ದಶಕದಲ್ಲಿ ಕೋಲಾರ ಜಿಲ್ಲೆಯ ಹಳ್ಳಿಗಳ ಬಾವಿಗಳಿಗೆ ಗಪ್ಪಿ ಬಿಟ್ಟು ಮಲೇರಿಯಾ ತಗ್ಗಿಸಿದ್ದುಂಟು. ಅದು ಮಲೇರಿಯಾ ವಿಜ್ಞಾನಿಗಳು ಜಾಗ ನೋಡಿ ಮಾಡಿದ ಕೆಲಸ. ಮನೆಯವರು ದಯೆಯಿಂದ ಬಿಟ್ಟ ದಕ್ಷಿಣ ಅಮೆರಿಕದ ಸಕ್ಕರ್ ಮೀನು ಮಾತ್ರ ದೇಶದ ಎಷ್ಟೋ ಕೆರೆ, ಹೊಳೆಗಳಲ್ಲಿ ಹಬ್ಬಿ, ದಡ ಕೊರೆದು, ಬಲೆ ಹರಿದು ಮೀನುಗಾರರ ಹೊಟ್ಟೆಯ ಮೇಲೆ ಹೊಡೆದಿದೆ. ಮೀನು ಜೋಡಿ ಕೂಡಿಸುವ ಮುನ್ನವೇ ಅಂಗಡಿಯವರನ್ನೋ ಬೇರೆ ಹವ್ಯಾಸಿಗಳನ್ನೋ ಕಂಡು, ಎಷ್ಟು ಮರಿ ಕೊಳ್ಳುತ್ತೀರಿ ಎಂದು ಕೇಳಿಟ್ಟುಕೊಂಡರೆ ಕೆರೆಯ ದಾರಿ ಹಿಡಿಯುವ ಸಂದರ್ಭವೇ ಬರುವುದಿಲ್ಲ.