ಕಂಪ್ಯೂಟರ್‌ನಲ್ಲಿ ನೆಟ್ ಹೋಯಿತೇ? ಕಸ್ಟಮರ್ ಕೇರ್ ನಂಬರ್ ಹುಡುಕುವ ಮುನ್ನ ಇದನ್ನು ಓದಿ

ಮನೆಯ ಕಂಪ್ಯೂಟರ್‌ನಲ್ಲಿ ನೆಟ್ ಹೋದ ಕೂಡಲೇ ನಮ್ಮಲ್ಲಿ ಅನೇಕರು ಎರಡು ಕೆಲಸ ಮಾಡುತ್ತೇವೆ. ಒಂದು, ಕಂಡಕಂಡ ಸೆಟ್ಟಿಂಗ್ ಬದಲಿಸುವುದು. ಇನ್ನೊಂದು, ಮೊಬೈಲ್‌ನಲ್ಲಿ ‘ಕಸ್ಟಮರ್ ಕೇರ್ ನಂಬರ್’ ಎಂದು ಹುಡುಕಿ ಮೊದಲು ಸಿಕ್ಕ ನಂಬರಿಗೆ ಕರೆ ಮಾಡುವುದು. ಮೊದಲನೆಯದರಿಂದ ಸಣ್ಣ ತೊಂದರೆ ದೊಡ್ಡದಾಗುತ್ತದೆ. ಎರಡನೆಯದರಿಂದ ಬ್ಯಾಂಕ್ ಖಾತೆಯೇ ಖಾಲಿಯಾಗಬಹುದು.

ಚನ್ನಗಿರಿಯಲ್ಲಿ ಅಡಿಕೆ ಧಾರಣೆ ನೋಡುವವರಿಗೆ, ಹೊನ್ನಾಳಿ, ನ್ಯಾಮತಿಯಲ್ಲಿ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕುವವರಿಗೆ, ಜಗಳೂರಿನಲ್ಲಿ ಪಹಣಿ ತೆಗೆಯುವವರಿಗೆ ನೆಟ್ ಈಗ ಕರೆಂಟಿನಷ್ಟೇ ಅಗತ್ಯ. ಅರ್ಜಿಯ ಕೊನೆಯ ದಿನವೇ ನೆಟ್ ಹೋದರೆ ಗಾಬರಿಯಾಗುವುದು ಸಹಜ. ವಂಚಕರಿಗೆ ಬೇಕಿರುವುದೂ ಆ ಗಾಬರಿಯೇ. ಹಾಗಾದರೆ ಮೊದಲು ಏನು ಮಾಡಬೇಕು?

ತೊಂದರೆ ಎಲ್ಲಿದೆ?

ತೋಟಕ್ಕೆ ನೀರು ಬರದಿದ್ದರೆ ಕರೆಂಟ್, ಮೋಟಾರ್, ಪೈಪ್, ವಾಲ್ವ್ ಎಂದು ಒಂದೊಂದಾಗಿ ನೋಡುತ್ತೇವಲ್ಲವೇ? ನೆಟ್ ಕೂಡ ಹಾಗೆಯೇ. ಕಂಪನಿಯ ಕಚೇರಿಯಿಂದ ಫೈಬರ್ ಕೇಬಲ್, ಅಲ್ಲಿಂದ ಮನೆಯ ರೂಟರ್, ರೂಟರ್‌ನಿಂದ ಕಂಪ್ಯೂಟರ್. ಇದರಲ್ಲಿ ಎಲ್ಲಿ ಕಡಿದಿದೆ ಎಂದು ತಿಳಿದರೆ ಅರ್ಧ ಕೆಲಸ ಮುಗಿದಂತೆ.

1. ಮೊಬೈಲ್‌ನಿಂದ ಪರೀಕ್ಷಿಸಿ: ಮೊಬೈಲ್ ಡೇಟಾ ಆಫ್ ಮಾಡಿ, ಮನೆಯ ವೈಫೈ ಮಾತ್ರ ಆನ್ ಇಟ್ಟು ಯಾವುದಾದರೂ ವೆಬ್‌ಸೈಟ್ ತೆರೆಯಿರಿ. ಡೇಟಾ ಆಫ್ ಮಾಡುವುದು ಮುಖ್ಯ. ಇಲ್ಲದಿದ್ದರೆ ವೈಫೈ ಕೆಟ್ಟಿದ್ದರೂ ಫೋನ್ ಸಿಮ್‌ನ ನೆಟ್ ಬಳಸಿಕೊಂಡು ಎಲ್ಲ ಸರಿಯಿದೆ ಎಂದು ತೋರಿಸಬಹುದು. ಮೊಬೈಲ್‌ನಲ್ಲಿ ವೈಫೈ ಕೆಲಸ ಮಾಡಿದರೆ ತೊಂದರೆ ಬಹುಪಾಲು ಕಂಪ್ಯೂಟರ್‌ನದ್ದೇ.

2. ರೂಟರ್‌ನ ದೀಪ ನೋಡಿ: ಫೈಬರ್ ಸಂಪರ್ಕವಿದ್ದರೆ ‘ಲಾಸ್’ ಎಂಬ ದೀಪ ಕೆಂಪಾಗಿ ಉರಿಯುತ್ತಿದೆಯೇ, ಮಿನುಗುತ್ತಿದೆಯೇ ಗಮನಿಸಿ. ಹಾಗಿದ್ದರೆ ಕಂಪನಿಯಿಂದ ಬರುವ ಬೆಳಕಿನ ಸಂಕೇತ ನಿಮ್ಮ ಮನೆಗೆ ತಲುಪುತ್ತಿಲ್ಲ ಎಂದರ್ಥ. ಕೇಬಲ್ ತುಂಡಾಗಿರಬಹುದು, ಮಡಚಿರಬಹುದು ಅಥವಾ ಸಡಿಲವಾಗಿರಬಹುದು. ಕಂಪ್ಯೂಟರ್‌ನಲ್ಲಿ ಏನು ಮಾಡಿದರೂ ಇದು ಸರಿಹೋಗದು, ದೂರು ಕೊಡಬೇಕು. ಫೈಬರ್ ತುದಿಯನ್ನು ಬಿಚ್ಚಿ ಕಣ್ಣಿನ ಹತ್ತಿರ ಹಿಡಿಯಬೇಡಿ. ಅದರಲ್ಲಿ ಹರಿಯುವ ಲೇಸರ್ ಬೆಳಕು ಕಣ್ಣಿಗೆ ಕಾಣುವುದಿಲ್ಲ.

3. ರೀಸ್ಟಾರ್ಟ್ ಮಾಡಿ, ರೀಸೆಟ್ ಬೇಡ: ದೀಪ ಸರಿಯಿದ್ದರೆ ರೂಟರ್‌ನ ಪ್ಲಗ್ ತೆಗೆದು, ಅರ್ಧ ನಿಮಿಷ ಬಿಟ್ಟು ಮತ್ತೆ ಹಾಕಿ. ಎರಡು ಮೂರು ನಿಮಿಷ ಕಾಯಿರಿ. ಆದರೆ ಹಿಂಬದಿಯ ಸಣ್ಣ ತೂತಿಗೆ ಪಿನ್ ಚುಚ್ಚಬೇಡಿ. ಅದು ರೀಸೆಟ್ ಬಟನ್. ಅದನ್ನು ಒತ್ತಿ ಹಿಡಿದರೆ ಕಂಪನಿಯವರು ಹಾಕಿಕೊಟ್ಟ ಯೂಸರ್‌ನೇಮ್, ಪಾಸ್‌ವರ್ಡ್ ಅಳಿಸಿಹೋಗಬಹುದು. ಆಮೇಲೆ ಮೊಬೈಲ್‌ಗೂ ನೆಟ್ ಸಿಗದು.

4. ಕೊನೆಗೆ ಕಂಪ್ಯೂಟರ್: ಏರೋಪ್ಲೇನ್ ಮೋಡ್ ಆನ್ ಆಗಿದೆಯೇ, ಲ್ಯಾನ್ ಕೇಬಲ್ ಸಡಿಲವಾಗಿದೆಯೇ ನೋಡಿ. ದಿನಾಂಕ, ಸಮಯ ಸರಿಯಿದೆಯೇ ಪರೀಕ್ಷಿಸಿ. ಹಳೆಯ ಕಂಪ್ಯೂಟರ್‌ಗಳಲ್ಲಿ ಒಳಗಿನ ಸಣ್ಣ ಬ್ಯಾಟರಿ ಸತ್ತರೆ ದಿನಾಂಕ ಹಿಂದಕ್ಕೆ ಹೋಗುತ್ತದೆ. ಆಗ ನೆಟ್ ಇದ್ದರೂ ವೆಬ್‌ಸೈಟ್‌ಗಳು ‘ಸುರಕ್ಷಿತವಲ್ಲ’ ಎಂದು ತೆರೆಯುವುದಿಲ್ಲ. ನೆಟ್‌ವರ್ಕ್ ಸೆಟ್ಟಿಂಗ್‌ನಲ್ಲಿ ಐಪಿ ವಿಳಾಸ 169.254 ಎಂದು ಶುರುವಾಗಿದ್ದರೆ ರೂಟರ್ ನಿಮ್ಮ ಕಂಪ್ಯೂಟರ್‌ಗೆ ವಿಳಾಸ ಕೊಟ್ಟಿಲ್ಲ ಎಂದರ್ಥ. ವೈಫೈ ಬಿಟ್ಟು ಮತ್ತೆ ಸೇರಿ ಅಥವಾ ಕಂಪ್ಯೂಟರ್ ರೀಸ್ಟಾರ್ಟ್ ಮಾಡಿ.

‘ನೆಟ್ ಬೂಸ್ಟರ್’ ಆ್ಯಪ್ ಹಾಕಿದರೆ ಸರಿಹೋಗುತ್ತದೆಯೇ?

ಇಲ್ಲ. ತುಂಡಾದ ಕೇಬಲನ್ನು ಯಾವ ಆ್ಯಪ್ ಕೂಡ ಜೋಡಿಸಲಾರದು. ಬ್ರೌಸರ್‌ನ ಹಿಸ್ಟರಿ ಅಳಿಸಿದರೂ ಹೋದ ಸಂಪರ್ಕ ಬರುವುದಿಲ್ಲ. ವಾಟ್ಸಾಪ್‌ನಲ್ಲಿ ಇಂಥ ಎಪಿಕೆ ಫೈಲ್ ಬಂದರೆ ತೆರೆಯಬೇಡಿ.

ದೂರು ಕೊಡುವುದು ಹೇಗೆ?

ನಿಮ್ಮ ಬಿಲ್‌ನಲ್ಲಿ ಅಥವಾ ಕಂಪನಿಯ ಅಧಿಕೃತ ಆ್ಯಪ್‌ನಲ್ಲಿ ಇರುವ ನಂಬರಿಗೆ ಮಾತ್ರ ಕರೆ ಮಾಡಿ. ಹುಡುಕಾಟದಲ್ಲಿ, ಮ್ಯಾಪ್‌ನಲ್ಲಿ ವಂಚಕರು ತಮ್ಮ ನಂಬರನ್ನೇ ಕಂಪನಿಯ ನಂಬರಿನಂತೆ ಹಾಕಿರುತ್ತಾರೆ. ಕರೆ ಮಾಡಿದರೆ ಮರ್ಯಾದೆಯಿಂದಲೇ ಮಾತಾಡಿ, ಎನಿಡೆಸ್ಕ್‌ನಂಥ ಆ್ಯಪ್ ಹಾಕಿಕೊಳ್ಳಲು ಹೇಳುತ್ತಾರೆ. ಆ್ಯಪ್ ಕೆಟ್ಟದ್ದಲ್ಲ, ಆದರೆ ಅದರ ಮೂಲಕ ನಿಮ್ಮ ಸ್ಕ್ರೀನ್ ಅವರಿಗೆ ಕಾಣುತ್ತದೆ. ಬಳಿಕ ‘ದೂರು ದಾಖಲಿಸಲು 10 ರೂಪಾಯಿ ಕಳಿಸಿ’ ಎನ್ನುತ್ತಾರೆ. ನೀವು ಒತ್ತುವ ಪಿನ್, ಬರುವ ಒಟಿಪಿ ಎರಡೂ ಅವರ ಕಣ್ಣಿಗೆ ಬೀಳಬಹುದು. ನೆಟ್ ದುರಸ್ತಿಗೆ ಒಟಿಪಿಯೂ ಬೇಡ, ಯುಪಿಐ ಪಿನ್ನೂ ಬೇಡ.

ಹಣ ಹೋಗಿದ್ದರೆ ನಾಚಿಕೆಪಟ್ಟು ಸುಮ್ಮನಿರಬೇಡಿ. ತಕ್ಷಣ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ. ಎಷ್ಟು ಬೇಗ ತಿಳಿಸುತ್ತೀರೋ ಹಣ ತಡೆಹಿಡಿಯುವ ಸಾಧ್ಯತೆ ಅಷ್ಟು ಹೆಚ್ಚು.

ಒಂದು ಕೆಲಸವನ್ನು ನೆಟ್ ಇರುವಾಗಲೇ ಮಾಡಿಡಿ. ಬಿಲ್‌ನಲ್ಲಿರುವ ದೂರಿನ ನಂಬರನ್ನು ಚೀಟಿಯಲ್ಲಿ ಬರೆದು ರೂಟರ್‌ಗೆ ಅಂಟಿಸಿ. ಮನೆಯಲ್ಲಿ ಹಿರಿಯರು ಒಬ್ಬರೇ ಇದ್ದಾಗ ನೆಟ್ ಹೋದರೂ ಅವರು ಎಲ್ಲೋ ಹುಡುಕಿ ಯಾರದೋ ನಂಬರಿಗೆ ಕರೆ ಮಾಡುವುದು ತಪ್ಪುತ್ತದೆ.