ಕಲ್ಲಿನ ಧೂಳು, ಕ್ಷಯರೋಗ ಮತ್ತು ದೇಹದ ಜನ್ಮಜಾತ ರಕ್ಷಣೆ

ಕೋಲಾರ, ಮಾಲೂರು, ಮುಳಬಾಗಿಲು ಹಾಗೂ ಶ್ರೀನಿವಾಸಪುರ ತಾಲ್ಲೂಕುಗಳಲ್ಲಿ ಬಂಡೆ ಸೀಳುವ, ಚಪ್ಪಡಿ ಕೆತ್ತುವ ಮತ್ತು ಜಲ್ಲಿ ಕ್ರಷರ್‌ಗಳಲ್ಲಿ ದುಡಿಯುವ ಕುಟುಂಬಗಳು ಬಹಳ ಹಿಂದಿನಿಂದಲೂ ಇವೆ. ಮಾಲೂರು ತಾಲ್ಲೂಕಿನ ಟೇಕಲ್ ಸುತ್ತಮುತ್ತ ಇದೇ ಅನೇಕರ ಜೀವನೋಪಾಯವಾಗಿದೆ. ಇಂತಹ ಕೆಲಸದಲ್ಲಿರುವವರು ಕೆಮ್ಮಿನ ತಪಾಸಣೆಗೆ ಬಂದಾಗ ತಮ್ಮ ಉದ್ಯೋಗವನ್ನು ವೈದ್ಯರಿಗೆ ಏಕೆ ತಿಳಿಸಬೇಕು ಎಂಬುದನ್ನು ಸಾರ್ವಜನಿಕರ ಮಾಹಿತಿಗಾಗಿ ಇಲ್ಲಿ ವಿವರಿಸಲಾಗಿದೆ.

ದೇಹವು ರೋಗಾಣುವನ್ನು ಗುರುತಿಸುವುದು ಹೇಗೆ?

ಮನುಷ್ಯನ ದೇಹದಲ್ಲಿ ಎರಡು ಬಗೆಯ ರಕ್ಷಣೆಗಳಿವೆ. ಲಸಿಕೆ ಪಡೆದಾಗ ಅಥವಾ ರೋಗ ಬಂದು ಹೋದಾಗ ಬೆಳೆಯುವ ರಕ್ಷಣೆಯು ಒಂದೊಂದು ರೋಗಾಣುವಿಗೂ ಪ್ರತ್ಯೇಕವಾಗಿರುತ್ತದೆ. ಮೊದಲ ಬಾರಿಗೆ ಸಿದ್ಧವಾಗಲು ಅದಕ್ಕೆ ದಿನಗಳೇ ಬೇಕು. ಹುಟ್ಟಿನಿಂದಲೇ ಬಂದಿರುವ ಜನ್ಮಜಾತ ರಕ್ಷಣೆಯಾದರೋ ಕೆಲವೇ ಗಂಟೆಗಳಲ್ಲಿ ಕಾರ್ಯಪ್ರವೃತ್ತವಾಗುತ್ತದೆ. ಅದಕ್ಕೆ ಪ್ರತಿಯೊಂದು ರೋಗಾಣುವಿನ ಪರಿಚಯವೂ ಇರುವುದಿಲ್ಲ. ರೋಗಾಣುಗಳ ಹೊದಿಕೆಯಲ್ಲಿದ್ದು ಮನುಷ್ಯನ ಜೀವಕೋಶಗಳಲ್ಲಿ ಇಲ್ಲದ ಕೆಲವು ಪದಾರ್ಥಗಳನ್ನು ಅದು ಗುರುತಿಸುತ್ತದೆ. ಗುರುತಿಸುವ ಈ ಅಂಗಗಳಿಗೆ ಗ್ರಾಹಕಗಳೆಂದು ಹೆಸರು. ಅವುಗಳಲ್ಲಿ ಪ್ರಮುಖವಾದ ಟೋಲ್ ಮಾದರಿಯ ಗ್ರಾಹಕಗಳ ಸುಳಿವು ದೊರೆತದ್ದು, ಸೋಜಿಗವೆಂಬಂತೆ, ಹಣ್ಣಿನ ನೊಣದ ಅಧ್ಯಯನದಿಂದ. ಈ ಸಂಶೋಧನೆಗಾಗಿ ಜೂಲ್ಸ್ ಹಾಫ್‌ಮನ್ ಮತ್ತು ಬ್ರೂಸ್ ಬ್ಯೂಟ್ಲರ್ ಅವರು 2011ರ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ಪಡೆದರು.

ಶ್ವಾಸಕೋಶದ ಗಾಳಿಚೀಲಗಳಲ್ಲಿ ಭಕ್ಷಕ ಕೋಶಗಳೆಂಬ ಕಾವಲುಗಾರರಿದ್ದಾರೆ. ಕ್ಷಯದ ರೋಗಾಣು ಉಸಿರಿನೊಡನೆ ಒಳಬಂದಾಗ, ಅದರ ಮೇಣದಂತಹ ಹೊದಿಕೆಯ ಕೊಬ್ಬಿನಂಶಗಳನ್ನು ಈ ಕೋಶಗಳ ಗ್ರಾಹಕಗಳು ಪತ್ತೆಮಾಡುತ್ತವೆ. ಕೋಶವು ರೋಗಾಣುವನ್ನು ನುಂಗಿ, ರಾಸಾಯನಿಕ ಸಂದೇಶಗಳ ಮೂಲಕ ಇತರ ಕೋಶಗಳನ್ನು ಕರೆಯುತ್ತದೆ. ಕ್ಷಯದ ರೋಗಾಣು ಸುಲಭವಾಗಿ ಸಾಯುವಂಥದ್ದಲ್ಲ. ಆದರೂ ಕೋಶಗಳೆಲ್ಲ ಸೇರಿ ಅದನ್ನು ಸಣ್ಣ ಗಂಟಿನೊಳಗೆ ಕೂಡಿಹಾಕುವುದರಿಂದ ಸೋಂಕು ತಗುಲಿದ ಹೆಚ್ಚಿನವರಿಗೆ ಕ್ಷಯರೋಗ ಬರುವುದೇ ಇಲ್ಲ.

ಧೂಳು ಮಾಡುವ ಹಾನಿ

ಗ್ರಾನೈಟ್ ಕಲ್ಲಿನಲ್ಲಿ ಸಿಲಿಕಾ ಇರುತ್ತದೆ. ಕಲ್ಲು ಒಡೆಯುವಾಗ ಎದ್ದ ದಪ್ಪ ಧೂಳು ಮೂಗು, ಗಂಟಲುಗಳಲ್ಲೇ ತಡೆಯಲ್ಪಡುತ್ತದೆ. ಕಣ್ಣಿಗೆ ಕಾಣದಷ್ಟು ನವಿರಾದ ಕಣಗಳು ಗಾಳಿಚೀಲದವರೆಗೂ ತಲುಪುತ್ತವೆ. ಭಕ್ಷಕ ಕೋಶವು ಅವುಗಳನ್ನೂ ನುಂಗುತ್ತದೆ. ಆದರೆ ಕಲ್ಲು ಜೀರ್ಣವಾಗುವುದಿಲ್ಲ. ಕಣವು ಕೋಶದೊಳಗಿನ ಚೀಲವನ್ನು ಹರಿಯುತ್ತದೆ, ಅಪಾಯದ ಸೂಚನೆ ಹೊರಡುತ್ತದೆ, ಉರಿಯೂತ ಉಂಟಾಗಿ ಕೋಶವೇ ಸಾಯುತ್ತದೆ. ಹೊರಬಿದ್ದ ಅದೇ ಕಣವನ್ನು ಮತ್ತೊಂದು ಕೋಶವು ನುಂಗುತ್ತದೆ. ವರ್ಷಗಟ್ಟಲೆ ಹೀಗೆ ನಡೆದು ಶ್ವಾಸಕೋಶವು ಗಾಯದ ಕಲೆಯಂತೆ ಗಡುಸಾಗುವುದೇ ಸಿಲಿಕೋಸಿಸ್. ಇದನ್ನು ಸಂಪೂರ್ಣ ಗುಣಪಡಿಸುವ ಔಷಧ ಇಲ್ಲ. ಕಾವಲು ಕೋಶಗಳು ದುರ್ಬಲವಾದ ಇಂತಹ ಶ್ವಾಸಕೋಶದಲ್ಲಿ ಕ್ಷಯ ಬರುವ ಸಂಭವ ಇತರರಿಗಿಂತ ಸುಮಾರು ಮೂರು, ನಾಲ್ಕು ಪಟ್ಟು ಹೆಚ್ಚು.

ಜಿಲ್ಲೆಗೆ ಇದು ಹೊಸ ವಿಷಯವಲ್ಲ. 2001ರ ಫೆಬ್ರವರಿ 28ರಂದು ಮುಚ್ಚಲ್ಪಟ್ಟ ಕೋಲಾರ ಚಿನ್ನದ ಗಣಿಗಳಲ್ಲಿ 1940ರ ದಶಕದಲ್ಲಿಯೇ ಕಾರ್ಮಿಕರಲ್ಲಿ ಸಿಲಿಕೋಸಿಸ್ ವ್ಯಾಪಕವಾಗಿರುವುದು ದಾಖಲಾಗಿತ್ತು. ಗಣಿ ಮುಚ್ಚಿದರೂ ಕಲ್ಲಿನ ಕೆಲಸ ನಿಂತಿಲ್ಲ.

ತಪಾಸಣೆಗೆ ಬರುವವರು ಗಮನಿಸಬೇಕಾದ ಅಂಶಗಳು

ಎರಡು ವಾರಕ್ಕೂ ಮೀರಿ ಕೆಮ್ಮು, ಸಂಜೆಯ ಜ್ವರ, ತೂಕ ಇಳಿಕೆ ಅಥವಾ ಕಫದಲ್ಲಿ ರಕ್ತ ಕಂಡುಬಂದಲ್ಲಿ ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ಕ್ಷಯದ ಪರೀಕ್ಷೆಯನ್ನು ಉಚಿತವಾಗಿ ಮಾಡಿಸಿಕೊಳ್ಳಬಹುದು. ಚಿಕಿತ್ಸೆಯೂ ಉಚಿತ. ಚಿಕಿತ್ಸೆಯಲ್ಲಿರುವವರಿಗೆ ನಿಕ್ಷಯ್ ಪೋಷಣ್ ಯೋಜನೆಯಡಿ ನೀಡುವ ಮಾಸಿಕ ಸಹಾಯಧನವನ್ನು 2024ರ ನವೆಂಬರ್‌ನಿಂದ 500 ರೂ.ಗಳಿಂದ 1,000 ರೂ.ಗಳಿಗೆ ಹೆಚ್ಚಿಸಲಾಗಿದೆ, ಇದಕ್ಕಾಗಿ ಬ್ಯಾಂಕ್ ಖಾತೆಯ ವಿವರ ನೀಡತಕ್ಕದ್ದು.

ಎದೆಯ ಎಕ್ಸ್‌-ರೇ ಚಿತ್ರದಲ್ಲಿ ಸಿಲಿಕೋಸಿಸ್ ಮತ್ತು ಕ್ಷಯ ಒಂದನ್ನೊಂದು ಹೋಲುವುದುಂಟು. ಉದ್ಯೋಗದ ವಿವರ ತಿಳಿಯದಿದ್ದಲ್ಲಿ, ಕ್ಷಯವಿಲ್ಲದವರು ಕ್ಷಯದ ಮಾತ್ರೆಯನ್ನೇ ಮತ್ತೆ ಮತ್ತೆ ನುಂಗಬೇಕಾಗಬಹುದು. ಎರಡೂ ಇರುವವರಲ್ಲಿ ಒಂದು ಗಮನಕ್ಕೆ ಬಾರದೇ ಹೋಗಬಹುದು. ಎರಡೂ ಇದ್ದಲ್ಲಿ ಚಿಕಿತ್ಸೆಯ ಅವಧಿಯನ್ನು ವೈದ್ಯರು ವಿಸ್ತರಿಸುವುದೂ ಉಂಟು. ಇದಲ್ಲದೆ ಸಿಲಿಕೋಸಿಸ್ ಉದ್ಯೋಗಜನ್ಯ ಕಾಯಿಲೆಯಾಗಿರುವುದರಿಂದ, ಮುಂದೆ ಪರಿಹಾರ ಕೋರುವವರಿಗೆ ಆಸ್ಪತ್ರೆಯ ದಾಖಲೆ ಬೇಕಾಗುತ್ತದೆ.

ಬಾಯಿಗೆ ಟವೆಲ್ ಸುತ್ತಿಕೊಂಡರೆ ಸಾಕೆಂಬುದು ತಪ್ಪು ತಿಳಿವಳಿಕೆ. ನವಿರಾದ ಕಣಗಳನ್ನು ಬಟ್ಟೆ ತಡೆಯುವುದಿಲ್ಲ. ಕಲ್ಲಿಗೆ ನೀರು ಹಾಯಿಸಿ ಧೂಳು ಏಳದಂತೆ ಮಾಡುವುದು ಹೆಚ್ಚು ಪರಿಣಾಮಕಾರಿ.

ಆಸ್ಪತ್ರೆಯ ಚೀಟಿಯ ಉದ್ಯೋಗದ ಕಾಲಂನಲ್ಲಿ "ಕೂಲಿ" ಎಂದಷ್ಟೇ ಬರೆಸುವುದು ರೂಢಿ. ಅದರಿಂದ ವೈದ್ಯರಿಗೆ ಏನೂ ತಿಳಿಯುವುದಿಲ್ಲ. "ಜಲ್ಲಿ ಕ್ರಷರ್ ಕೆಲಸ, 12 ವರ್ಷ" ಎಂಬ ರೀತಿಯಲ್ಲಿ ಕೆಲಸದ ಬಗೆ ಮತ್ತು ಅವಧಿಯನ್ನು ಬರೆಸತಕ್ಕದ್ದು. ಕಲ್ಲಿನ ಕೆಲಸ ಬಿಟ್ಟು ಈಗ ಟೊಮೆಟೊ ತೋಟದಲ್ಲೋ ರೇಷ್ಮೆ ಕೆಲಸದಲ್ಲೋ ತೊಡಗಿರುವವರೂ ಹಿಂದಿನ ಕೆಲಸವನ್ನು ತಪ್ಪದೇ ತಿಳಿಸಬೇಕು. ಧೂಳಿನ ಕೆಲಸ ಬಿಟ್ಟು ಹಲವು ವರ್ಷಗಳ ನಂತರವೂ ಸಿಲಿಕೋಸಿಸ್ ಕಾಣಿಸಿಕೊಳ್ಳಬಹುದು.