ಯಾವ ಬೆಳೆಗೆ ಎಷ್ಟು ಗುಂಟೆ?

2023ರ ಜುಲೈಯಲ್ಲಿ ಕೋಲಾರದ ಎಪಿಎಂಸಿಯಲ್ಲಿ 15 ಕೆಜಿ ಟೊಮೆಟೊ ಬಾಕ್ಸಿನ ಬೆಲೆ 2000 ರೂಪಾಯಿ ದಾಟಿತ್ತು. ಸೆಪ್ಟೆಂಬರ್ ಹೊತ್ತಿಗೆ ನೆಲಕಚ್ಚಿತು. ನಾಟಿಯಾದ ಟೊಮೆಟೊ ಕೊಯ್ಲಿಗೆ ಬರಲು ಎರಡು, ಎರಡೂವರೆ ತಿಂಗಳು ಬೇಕು. ಬೆಲೆ ಏರಿದಾಗ ಎಲ್ಲರೂ ನರ್ಸರಿಗೆ ಓಡಿದರೆ ಎಲ್ಲರ ಹಣ್ಣೂ ಒಟ್ಟಿಗೇ ಮಂಡಿಗೆ ಬಂದು ಬೀಳುತ್ತದೆ. ಇಂಥ ಏರಿಳಿತಕ್ಕೆ ಅರ್ಥಶಾಸ್ತ್ರಜ್ಞ ನಿಕೊಲಸ್ ಕಾಲ್ಡಾರ್ 1934ರಲ್ಲೇ ‘ಜೇಡರ ಬಲೆ’ ಎಂದು ಹೆಸರಿಟ್ಟಿದ್ದರು.

ಬೆಲೆಯನ್ನು ರೈತ ಹಿಡಿದಿಡಲಾರ. ಯಾವ ಬೆಳೆಗೆ ಎಷ್ಟು ಗುಂಟೆ ಬಿಡಬೇಕೆಂಬ ತೀರ್ಮಾನ ಮಾತ್ರ ಅವನದೇ. ಇದಕ್ಕೆ ನೆರವಾಗುವ ಗಣಿತ ಹುಟ್ಟಿದ್ದು ಹೊಲದಲ್ಲಲ್ಲ. ಪ್ಲೈವುಡ್ ಉದ್ಯಮದ ಯಂತ್ರಗಳಿಗೆ ಕೆಲಸ ಹಂಚುವ ಸಮಸ್ಯೆ ಬಿಡಿಸಲು ಹೊರಟ ಲೆನಿನ್‌ಗ್ರಾಡಿನ ಲಿಯೊನಿಡ್ ಕಾಂಟೊರೊವಿಚ್ 1939ರಲ್ಲಿ ಇದನ್ನು ಪ್ರಕಟಿಸಿದರು. 1975ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದರು. ಇಂದು ಇದರ ಹೆಸರು ಲೀನಿಯರ್ ಪ್ರೋಗ್ರಾಮಿಂಗ್. ಹೆಸರಿಗೆ ಹೆದರಬೇಡಿ, ಬಳಪ ಹಿಡಿದರೆ ಸಾಕು.

ಒಂದು ಎಕರೆ, ಅಂದರೆ 40 ಗುಂಟೆ ಇದೆ ಎಂದಿಟ್ಟುಕೊಳ್ಳಿ. ಕೂಲಿಯಾಳು ಸಿಗುವುದಿಲ್ಲ, ಮನೆಯವರ ದುಡಿಮೆ ಒಟ್ಟು 100 ಆಳುದಿನ. ಟೊಮೆಟೊ ಗುಂಟೆಗೆ 4 ಆಳುದಿನ ಬೇಡಿ 3000 ರೂಪಾಯಿ ಲಾಭ ಕೊಡುತ್ತದೆ. ಎಲೆಕೋಸು 2 ಆಳುದಿನಕ್ಕೆ 2000. ಬರೀ ಟೊಮೆಟೊ ಹಾಕಿದರೆ 25 ಗುಂಟೆಗೇ ಆಳು ಮುಗಿದು 75,000. ಬರೀ ಕೋಸಾದರೆ 80,000, ಆದರೆ 20 ಆಳುದಿನ ಉಳಿದುಬಿಡುತ್ತದೆ. ಟೊಮೆಟೊ 10 ಗುಂಟೆ, ಕೋಸು 30 ಗುಂಟೆ ಮಾಡಿ ನೋಡಿ: ನೆಲವೂ ಆಳೂ ಪೂರ್ತಿ ಬಳಕೆಯಾಗಿ ಲಾಭ 90,000.

‘ಎಕರೆಗೆ ಎಷ್ಟು ಬರುತ್ತೆ?’ ಎಂಬ ನಮ್ಮ ಮಾಮೂಲಿ ಪ್ರಶ್ನೆಯೇ ದಾರಿ ತಪ್ಪಿಸುವಂಥದ್ದು. ನೆಲ, ನೀರು, ಆಳು, ಬಂಡವಾಳ ಇವುಗಳಲ್ಲಿ ಯಾವುದು ಮೊದಲು ಮುಗಿಯುತ್ತದೋ ಅದರ ಲೆಕ್ಕದಲ್ಲಿ ಬೆಳೆ ಅಳೆಯಬೇಕು. ಬೇಸಿಗೆಯ ಕೋಲಾರದಲ್ಲಿ ಅದು ಬಹುಮಟ್ಟಿಗೆ ಬೋರ್‌ವೆಲ್ ನೀರು.

ಇನ್ನೊಂದು ಕಟ್ಟುಪಾಡು ಮಣ್ಣಿನದು. ಟೊಮೆಟೊ, ಬದನೆ, ಮೆಣಸಿನಕಾಯಿ, ಆಲೂಗಡ್ಡೆ ಒಂದೇ ಸಸ್ಯಕುಟುಂಬದವು. ಒಂದರ ಹಿಂದೆ ಒಂದು ಹಾಕಿದರೆ ಸೊರಗು ರೋಗದ ಬ್ಯಾಕ್ಟೀರಿಯಾಕ್ಕೆ ಬಿಡುವಿಲ್ಲದ ಊಟ. ನಡುವೆ ಜೋಳವೋ ರಾಗಿಯೋ ಬಂದರೆ ಒಳ್ಳೆಯದು.

ಲೆಕ್ಕಕ್ಕೆ ಈ ವಾರದ ಮಂಡಿ ಬೆಲೆ ಹಿಡಿಯಬೇಡಿ, ನಾಲ್ಕೈದು ವರ್ಷಗಳ ಸರಾಸರಿ ಹಿಡಿಯಿರಿ. ಮುಂದಿನ ಸಸಿ ಆರ್ಡರ್ ಕೊಡುವ ಮುನ್ನ ಹಿಂದಿನ ಬೆಳೆಗೆ ಎಷ್ಟು ಆಳು, ಎಷ್ಟು ಗಂಟೆ ನೀರು ಹೋಯಿತೆಂದು ಒಂದು ಪುಸ್ತಕದಲ್ಲಿ ಬರೆದಿಡಿ.